ದುಬೈ ರೇಟು

ಮೇಟಗಳ್ಳಿ, ಮೈಸೂರು
8 ಜೂನ್ 2025

ಅಪ್ಪ,

ನಾನು ಕಾಲೇಜಿಗೆ ಹೋಗುತ್ತಿಲ್ಲ. ಎರಡು ವರ್ಷದಿಂದ ಹೋಗುತ್ತಿಲ್ಲ. ಬಿ.ಕಾಂ. ಎರಡನೇ ವರ್ಷದ ಮಗ ಎಂದು ನೀವು ದುಬೈನಲ್ಲಿ ನಿಮ್ಮ ರೂಮಿನವರಿಗೆಲ್ಲ ಹೇಳಿಕೊಂಡಿದ್ದೀರಲ್ಲ, ಅಂಥ ಮಗ ನಿಮಗೆ ಇಲ್ಲ. ಇರುವವನು ಎರಡನೇ ಪಿಯುಸಿ ಪರೀಕ್ಷೆಗೆ ಹಾಲ್ ಟಿಕೆಟ್ ಹಿಡಿದು ಹೊರಟು, ಗೇಟಿನವರೆಗೆ ಹೋಗಿ ವಾಪಸ್ ಬಂದವನು.

ಕಾಗದದ ಮೊದಲ ಸಾಲಿನಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕೆಂದು ನನ್ನ ನಾಲ್ಕನೇ ಕ್ಲಾಸಿನಲ್ಲಿ ನೀವೇ ಕಲಿಸಿದ್ದು. ಈ ಸಲ ಅದನ್ನು ಕೆಳಗೆ ತಂದಿದ್ದೇನೆ. ಎಲ್ಲರೂ ಕ್ಷೇಮ.

ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದದ್ದು ಅವ್ವನ ಆಣೆಯಿಂದ. "ನಿಮ್ಮಪ್ಪ ಆ ಬಿಸ್ಲಲ್ಲಿ ಕಾರ್ ಓಡುಸ್ತಾ ಅವ್ರೆ, ಎದೆ ಒಡ್ಕೊಂಡ್ಬುಟ್ಟಾರು, ಏಳ್ಬ್ಯಾಡ ಕಣೋ" ಎಂದು ಬೆಟ್ಟದ ಕಡೆ ತಿರುಗಿ, ನನ್ನ ಕೈ ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಂಡಿದ್ದಳು. ಆದರೆ ಹೋದ ವಾರ ನೀವು ಮಾರ್ಕ್ಸ್ ಕಾರ್ಡಿನ ಫೋಟೋ ಕಳಿಸು ಎಂದಿರಿ. ಅವ್ವ ಪಕ್ಕದ ಮನೆಯ ಭಾನುಪ್ರಿಯಾಳ ಮಾರ್ಕ್ಸ್ ಕಾರ್ಡನ್ನು ಇಸಿದುಕೊಂಡು ಬಂದು, "ಹೆಸ್ರಿನ ಮ್ಯಾಲೆ ಎಬ್ಬೆಟ್ಟು ಮಡ್ಗಿ ತೆಗಿ" ಎಂದಳು. ಸುಳ್ಳಿಗೂ ಒಂದು ಮಟ್ಟ ಬೇಡವೇ ಅಪ್ಪ? ಅವತ್ತೇ ಈ ಕಾಗದ ಬರೆಯಬೇಕೆಂದುಕೊಂಡೆ. ಫೋನಿನಲ್ಲಿ ಹೇಳುವ ಹಾಗಿಲ್ಲ. ನಮ್ಮ ಮನೆಯಲ್ಲಿ ಫೋನ್ ಎಂದರೆ ಸ್ಪೀಕರ್. ನೀವು ಕೆಮ್ಮಿದರೂ ಬೀದಿಗೆಲ್ಲ ಕೇಳುತ್ತದೆ. ಫೋನು ನಿಮ್ಮವ್ವನಿಗೆ, ಕಾಗದ ನಿನಗೆ ಎಂದು ನೀವು ಮಾಡಿದ ಪಾಲು ಈಗ ಉಪಯೋಗಕ್ಕೆ ಬಂತು. ಎಂದಿನಂತೆ ಫೋಟೋ ತೆಗೆದು ವಾಟ್ಸಾಪಿಗೆ ಹಾಕುತ್ತೇನೆ. ಓದಿಕೊಳ್ಳಿ.

ನಾನೀಗ ಸಿದ್ಧಾರ್ಥನಗರದಲ್ಲಿ ದೇವರಾಜು ಎಂಬವರ ಅಂಗಡಿಯಲ್ಲಿ ಕಾರುಗಳಿಗೆ ಸ್ಟೀರಿಯೋ, ಸ್ಪೀಕರ್, ಸದ್ದು ಹೆಚ್ಚಿಸುವ ಆಂಪ್ ಕೂರಿಸುತ್ತೇನೆ. ಕೆಲಸ ಚೆನ್ನಾಗಿ ಬರುತ್ತದೆ. ಜಂಬಕ್ಕೆ ಹೇಳುತ್ತಿಲ್ಲ, ನಿಜ ಎಂದು ಹೇಳುತ್ತಿದ್ದೇನೆ. ತಲೆ ಕೆಡುವುದು ರೇಟಿನಲ್ಲಿ. ಇಬ್ಬರು ಗಿರಾಕಿಗಳಲ್ಲಿ ಒಬ್ಬರಿಗೆ ಹೊರದೇಶದಲ್ಲಿ ಒಬ್ಬ ಭಾವ ಇರುತ್ತಾನೆ. "ನಮ್ ಭಾವ ಅಮೆರಿಕದಲ್ಲಿ ಇದೇ ಸೆಟ್ಟು ಅರ್ಧ ರೇಟಿಗೆ ತಗೊಂಡ್ರು ಕಣ್ರೀ" ಎನ್ನುತ್ತಾರೆ. ದೇವರಾಜು ತಡಮಾಡದೆ "ಅದು ಡೂಪ್ಲಿಕೇಟ್ ಸಾರ್" ಎನ್ನುತ್ತಾರೆ. ಅದು ಡೂಪ್ಲಿಕೇಟ್ ಅಲ್ಲ. ನಾನು ಅಮೆರಿಕ, ಜಪಾನ್, ಜರ್ಮನಿಯ ಅಂಗಡಿಗಳ ರೇಟನ್ನು ಇಂಟರ್‌ನೆಟ್ಟಿನಿಂದ ಒಂದು ನೋಟ್‌ಬುಕ್ಕಿಗೆ ಇಳಿಸಿದ್ದೇನೆ. ಜಪಾನಿನ ಕಂಪನಿಯ ಸ್ಪೀಕರು ಜಪಾನಿಗಿಂತ ಅಮೆರಿಕದಲ್ಲಿ ಅಗ್ಗ. ಇಲ್ಲಿಗೆ ಬರುವಷ್ಟರಲ್ಲಿ ಹಡಗಿನವನು, ಸುಂಕದವನು, ಜಿಎಸ್‌ಟಿ, ಡೀಲರು, ಕೊನೆಗೆ ದೇವರಾಜು ಎಲ್ಲ ಸೇರಿ ಅದನ್ನು ಎರಡರಷ್ಟು ಮಾಡಿರುತ್ತಾರೆ. ಇದನ್ನು ಹೀಗೇ ಹೇಳಿದರೆ ಜನ ಒಪ್ಪುತ್ತಾರೆ ಎಂಬುದು ನನ್ನ ವಾದ. ಹೇಳಿದರೆ ಅಂಗಡಿ ಮುಚ್ಚುತ್ತದೆ ಎಂಬುದು ದೇವರಾಜು ವಾದ.

ನೋಟ್‌ಬುಕ್ಕಿನಲ್ಲಿ ದುಬೈ ಕಾಲಂ ಖಾಲಿ ಇದೆ. ಅದಕ್ಕೆ ಇಂಟರ್‌ನೆಟ್ ರೇಟು ಬೇಡ, ಅಂಗಡಿಯಲ್ಲಿ ಮನುಷ್ಯ ಕೊಡುವ ರೇಟು ಬೇಕು. ಈ ಹಾಳೆಯ ಹಿಂಬದಿಯಲ್ಲಿ ಮೂರು ಐಟಂ ಬರೆದಿದ್ದೇನೆ, ವಿಚಾರಿಸಿ ತಿಳಿಸಿ. ಯಾಕೆ ಬೇಕು ಎಂದು ಹೇಳದೆ ಕೇಳಲು ಆಗದು, ಅದಕ್ಕೂ ಇಷ್ಟೆಲ್ಲ ಬರೆಯಬೇಕಾಯಿತು.

ಒಂದು ವರ್ಷದಿಂದ ನೀವು ನನ್ನ ತಪ್ಪುಗಳನ್ನು ಕೆಂಪು ಪೆನ್ನಿನಲ್ಲಿ ಪಟ್ಟಿ ಮಾಡಿ ಕಳಿಸುತ್ತಿಲ್ಲ. ಬರವಣಿಗೆ ಸುಧಾರಿಸಿದೆ ಎಂದುಕೊಂಡಿದ್ದೇನೆ. ಈ ಕಾಗದಕ್ಕೆ ಬೇಕಾದರೆ ಪಟ್ಟಿ ಮಾಡಿ.

ನಿಮ್ಮ ಮಗ,
ಮಹೇಂದ್ರ


ದುಬೈ
27 ಜೂನ್ 2025

ಮಹೇಂದ್ರ,

ಕಾಗದ ಸಿಕ್ಕಿತು. ಎರಡು ಬೆರಳಿಟ್ಟು ದೊಡ್ಡದು ಮಾಡಿ ಮಾಡಿ ಓದಿದೆ.

ಹನ್ನೊಂದು ವರ್ಷ ನಾನು ಬೇರೆಯವರ ಕಾರು ಓಡಿಸಿದ್ದು, ನೀನು ಬೇರೆಯವರ ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಲಿ ಎಂದಲ್ಲ. ಡಿಗ್ರಿ ಮುಗಿಸಿ ಆಫೀಸಿನ ಕೆಲಸಕ್ಕೆ ಇಲ್ಲಿಗೆ ಬರುತ್ತೀಯ ಎಂದು ನಿನಗೆ ಹದಿನೆಂಟು ತುಂಬಿದ ತಿಂಗಳೇ ಪಾಸ್‌ಪೋರ್ಟ್ ಮಾಡಿಸಿದೆ. ಸ್ಪೀಕರ್ ಕೂರಿಸುವುದು ಒಂದು ಕೆಲಸವೇ? ಸೊಂಟ ಹೋಗುತ್ತದೆ. ಬೆರಳ ತುದಿ ಒಡೆದು ಅನ್ನ ಕಲಸಿದರೆ ಉರಿಯುತ್ತದೆ. ಎಷ್ಟು ನೀಟಾಗಿ ಮಾಡಿದರೂ ಬಾಗಿಲು ಮುಚ್ಚಿದ ಮೇಲೆ ಅದನ್ನು ಮಾಡಿದವನು ಯಾರಿಗೂ ಕಾಣುವುದಿಲ್ಲ.

ನಿಮ್ಮವ್ವನಿಗೆ ನನಗೆ ಗೊತ್ತಾಗಿದೆ ಎಂದು ಹೇಳಬೇಡ. ಹೆದರುತ್ತಾಳೆ.

ಕೇಳಿದ್ದೀಯಲ್ಲ, ರೇಟು ಬರೆದಿದ್ದೇನೆ. ಎಲ್ಲ ದಿರ್ಹಮ್. ಟಚ್ ಸ್ಕ್ರೀನ್ ಸ್ಟೀರಿಯೋ 617. ನಾಲ್ಕು ಚಾನೆಲ್ ಆಂಪ್ 399. ಆರೂವರೆ ಇಂಚಿನ ಸ್ಪೀಕರ್ ಜೋಡಿ 26.

ಬಾಗಿಲಿನ ಒಳಹೊದಿಕೆಯನ್ನು ಸ್ಕ್ರೂಡ್ರೈವರ್ ಹಾಕಿ ಮೀಟಬೇಡ, ಕ್ಲಿಪ್ಪು ಮುರಿಯುತ್ತದೆ. ಕೆಳಗಿನ ಮೂಲೆಯಲ್ಲಿ ಬೆರಳು ತೂರಿಸಿ, ಮೊದಲ ಕ್ಲಿಪ್ಪು ಟಕ್ ಎಂದಮೇಲೆ ನಿನ್ನ ಕಡೆಗೆ ಎಳೆ.

ನಿಮ್ಮಪ್ಪ,
ಹುಚ್ಚಣ್ಣ


ಮೇಟಗಳ್ಳಿ
20 ಜುಲೈ 2025

ಅಪ್ಪ,

ನಿಮ್ಮಿಂದ ನನ್ನ ಮಾನ ಹೋಯಿತು. ಅಂಗಡಿಯ ಮಾನವೂ ಹೋಯಿತು. ನಡೆದದ್ದನ್ನು ಹಾಗೇ ಬರೆಯುತ್ತೇನೆ.

ನಿಮ್ಮ ಕಾಗದ ಬಂದಾಗ ಖುಷಿಯಾಗಿದ್ದೆ, ಬೈಗುಳವನ್ನೂ ಸೇರಿಸಿ. 617, 399 ಎಂದು ಬಿಡಿಯ ಲೆಕ್ಕದವರೆಗೆ ಯಾರು ಬರೆಯುತ್ತಾರೆ? ಬೇರೆಯವರಾದರೆ ಆರುನೂರು, ನಾನೂರು ಎನ್ನುತ್ತಿದ್ದರು. ಒಂದು ರಟ್ಟು ತೆಗೆದುಕೊಂಡು ಪ್ರತಿ ಐಟಮ್ಮಿಗೂ ಮೈಸೂರು, ದುಬೈ, ಜಪಾನ್, ಅಮೆರಿಕದ ರೇಟನ್ನು ರೂಪಾಯಿಯಲ್ಲಿ ಬರೆದು, ಕೆಳಗೆ ನಮ್ಮ ರೇಟು ಯಾಕೆ ಜಾಸ್ತಿ ಎಂದು ನಾಲ್ಕು ಸಾಲು ಹಾಕಿ, ದೇವರಾಜು ಊಟಕ್ಕೆ ಹೋದಾಗ ಕೌಂಟರಿನ ಮುಂದೆ ನಿಲ್ಲಿಸಿದೆ.

ಸ್ಪೀಕರ್ ಜೋಡಿ ನಮ್ಮಲ್ಲಿ ಒಂಬತ್ತು ಸಾವಿರದ ಎಂಟುನೂರು. ನಿಮ್ಮ 26 ದಿರ್ಹಮ್ ರೂಪಾಯಿಗೆ ತಿರುಗಿಸಿದರೆ ಆರುನೂರು. ನನಗೂ ಒಂದು ನಿಮಿಷ ಅನುಮಾನ ಬಂತು. ಆದರೆ ಬರೆದವರು ನೀವು. ಬರೆದೆ.

ವಾಣಿ ಮೇಡಂ ಎಂದು ಅಂಗಡಿ ಇರುವ ಬಡಾವಣೆಯ ರಿಟೈರ್ಡ್ ಟೀಚರು, ಸೆಕೆಂಡ್ ಹ್ಯಾಂಡ್ ಕಾರಿಗೆ ಸ್ಪೀಕರ್ ಹಾಕಿಸಲು ಬಂದಿದ್ದರು. ರಟ್ಟನ್ನು ಓದಿದರು. ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು. "ಏನಪ್ಪಾ, ಆರ್ನೂರು ರೂಪಾಯಿಂದನ್ನ ಒಂಬತ್ತೂ ಮುಕ್ಕಾಲು ಸಾವಿರಕ್ಕೆ ಮಾರ್ತೀರಾ? ದೇವ್ರು ಮೆಚ್ತಾನಾ?" ಎಂದು ಫೋಟೋ ತೆಗೆದುಕೊಂಡು ಹೋದರು. ಅದು ಬಡಾವಣೆಯ ವಾಟ್ಸಾಪ್ ಗುಂಪಿಗೆ ಹೋಯಿತು. ಸಂಜೆಯೊಳಗೆ ಹಳೇ ಗಿರಾಕಿಗಳು ನಾಲ್ಕು ಜನ ಜಗಳಕ್ಕೆ ಬಂದರು.

"ಆರ್ನೂರು ರೂಪಾಯ್ಗೆ ಡಬ್ಬನೂ ಬರಲ್ವಲ್ಲೋ! ನಿಮ್ಮಪ್ಪ ಅಂಗಡಿಗೋಗಿದ್ರೋ ಗುಜರಿಗೋಗಿದ್ರೋ?" ಎಂದರು ದೇವರಾಜು.

"ನಮ್ಮಪ್ಪ ಕಣ್ಣಾರೆ ನೋಡಿ ಬರ್ದವ್ರೆ. ಸುಳ್ಳೇಳೋ ಜನ ಅಲ್ಲ" ಎಂದೆ.

ಅವರು ದುಬೈನ ಒಂದು ಅಂಗಡಿಯ ವೆಬ್‌ಸೈಟ್ ತೆರೆದು ನನ್ನ ಮೂಗಿನ ಮುಂದೆ ಹಿಡಿದರು. ಅದೇ ಸ್ಪೀಕರು. 249 ದಿರ್ಹಮ್.

249 ಎಲ್ಲಿ, 26 ಎಲ್ಲಿ ಅಪ್ಪ? ಎರಡು ಐಟಂ ಅಷ್ಟು ಸರಿಯಾಗಿ ಬರೆದವರಿಗೆ ಮೂರನೆಯದಕ್ಕೆ ಏನಾಯಿತು? ನಾನೇ ವಾಣಿ ಮೇಡಂ ಮನೆಗೆ ಹೋಗಿ ಸರಿಯಾದ ರೇಟು ತೋರಿಸಿ ತಪ್ಪೊಪ್ಪಿಕೊಳ್ಳಬೇಕು, ಇಲ್ಲವಾದರೆ ಅಂಗಡಿಗೆ ಬರಬೇಡ ಎಂದು ದೇವರಾಜು ಹೇಳಿದ್ದಾರೆ. ಬರಿಮಾತನ್ನು ಈಗ ಯಾರೂ ನಂಬುವುದಿಲ್ಲ. ಅಂಗಡಿಗೆ ಹೋಗಿ ರೇಟಿನ ಚೀಟಿಯ ಫೋಟೋ ತೆಗೆದು ಕಳಿಸಿ.

ಮಹೇಂದ್ರ


ದುಬೈ
31 ಜುಲೈ 2025

ಮಹೇಂದ್ರ,

ಒಂದು ಸೊನ್ನೆ ಬಿಟ್ಟುಹೋಗಿದೆ. 260 ಎಂದು ತಿದ್ದಿಕೋ. ಅಪ್ಪನ ಮಾತಿಗೆ ಫೋಟೋ ಕೇಳುವಷ್ಟು ದೊಡ್ಡವನಾದೆ.

ರೇಟಿನ ಚೀಟಿ ಕಿತ್ತುಹೋಗಿದೆ. ಡಬ್ಬದ ಫೋಟೋ ಕಳಿಸಿದ್ದೇನೆ, ಅಷ್ಟು ಸಾಕು. ಆ ಮೇಡಂ ಹತ್ತಿರ ತಪ್ಪು ನಮ್ಮಪ್ಪನದು ಎಂದೇ ಹೇಳು. ನನ್ನ ಮರ್ಯಾದೆ ಉಳಿಸಲು ಹೋಗಿ ಕೆಲಸ ಕಳೆದುಕೊಳ್ಳಬೇಡ.

ಹುಚ್ಚಣ್ಣ


ಮೇಟಗಳ್ಳಿ
10 ಆಗಸ್ಟ್ 2025

ಅಪ್ಪ,

ನೀವು ಎಲ್ಲಿದ್ದೀರಿ?

ನಿನ್ನೆ ವಾಣಿ ಮೇಡಂ ಮನೆಗೆ ಹೋಗಿದ್ದೆ. ತಪ್ಪಾಯಿತು ಮೇಡಂ, ನಮ್ಮಪ್ಪ ಒಂದು ಸೊನ್ನೆ ಬಿಟ್ಟುಬಿಟ್ಟರು ಎಂದು ನೀವು ಕಳಿಸಿದ ಫೋಟೋ ತೋರಿಸಿದೆ. ಅವರು ಫೋನು ಇಸಿದುಕೊಂಡು ಫೋಟೋವನ್ನು ದೊಡ್ಡದು ಮಾಡಿ ನೋಡಿದರು.

"ಇಲ್ಲೇ ಇದೆಯಲ್ಲೋ ಚೀಟಿ" ಎಂದರು.

ಕಿತ್ತುಹೋಗಿದೆ ಎಂದು ನೀವು ಬರೆದಿದ್ದರಿಂದ ನಾನು ಹುಡುಕಿಯೇ ಇರಲಿಲ್ಲ. ಡಬ್ಬದ ಮಗ್ಗುಲಲ್ಲಿ, ಎಲ್ಲರಿಗೂ ಕಾಣುವ ಹಾಗೆ ಹಳದಿ ಚೀಟಿ ಇತ್ತು. 26 ಎಂದು ಬರೆದು, ಚುಕ್ಕಿ ಇಟ್ಟು, ಮೂರು ಸೊನ್ನೆ.

"ನಿಮ್ಮಪ್ಪ ಸೊನ್ನೆ ಬಿಟ್ಟಿಲ್ಲ ಕಣಪ್ಪ. ಇದು ದಿರ್ಹಮ್ಮೇ ಅಲ್ಲ, ಒಮಾನಿನ ರಿಯಾಲು. ದಿರ್ಹಮ್ ಆಗಿದ್ರೆ ಚುಕ್ಕಿ ಆದ್ಮೇಲೆ ಎರಡೇ ಸೊನ್ನೆ. ಒಂಬತ್ತು ವರ್ಷ ಮಸ್ಕತ್ತಿನ ಸ್ಕೂಲಲ್ಲಿ ಪಾಠ ಮಾಡಿದೀನಿ, ಸಂಬಳ ಎಣಿಸ್ಕೊಂಡಿದ್ದು ಈ ಮೂರು ಸೊನ್ನೇಲೇ."

ಒಂದು ರಿಯಾಲಿಗೆ ಒಂಬತ್ತೂವರೆ ದಿರ್ಹಮ್ ಎಂದರು. ಅವರ ಸೋಫಾದ ಮೇಲೆ ಕೂತು ಗುಣಿಸಿದೆ. ಇಪ್ಪತ್ತಾರು ರಿಯಾಲು ಎಂದರೆ 247 ದಿರ್ಹಮ್, ದುಬೈ ವೆಬ್‌ಸೈಟಿನ ರೇಟಿಗೆ ಸರಿಹೋಯಿತು. ಆಮೇಲೆ ನಿಮ್ಮ 399ನ್ನು ಒಂಬತ್ತೂವರೆಯಿಂದ ಭಾಗಿಸಿದೆ. ಸರಿಯಾಗಿ ನಲವತ್ತೆರಡು. 617 ಅರವತ್ತೈದಕ್ಕೆ ಬಂತು, ಅರ್ಧ ದಿರ್ಹಮ್ ಬಿಟ್ಟಿದ್ದೀರಿ. ಪಿಯುಸಿ ಬಿಟ್ಟವನಿಗೂ ಇಷ್ಟು ಲೆಕ್ಕ ಬರುತ್ತದೆ. ಎರಡು ಐಟಮ್ಮನ್ನು ರಿಯಾಲಿನಿಂದ ದಿರ್ಹಮ್ಮಿಗೆ ಗುಣಿಸಿ ಬರೆದಿರಿ, ಮೂರನೆಯದನ್ನು ಗುಣಿಸಲು ಮರೆತಿರಿ. ನಾನು ಹೊಗಳಿದ ಬಿಡಿಯ ಲೆಕ್ಕ ಅಂಗಡಿಯದಲ್ಲ, ಗುಣಾಕಾರದ್ದು.

ಮೇಡಂ ಕಾಫಿ ತಂದಿಟ್ಟು, "ನಿಮ್ಮಪ್ಪ ಮಸ್ಕತ್ತಲ್ಲಿ ಏನ್ ಮಾಡ್ತಾರೆ?" ಎಂದರು. ನನಗೆ ಗೊತ್ತಿಲ್ಲ ಎಂದೆ. ಆ ವಾಟ್ಸಾಪ್ ಗುಂಪಿನಲ್ಲಿ ಅವರೇ ತಿದ್ದುಪಡಿ ಹಾಕಿದ್ದಾರೆ. ಅಂಗಡಿಗೆ ನಾಳೆಯಿಂದ ಹೋಗಬಹುದು.

ಅದೆಲ್ಲ ಸರಿಹೋಯಿತು. ನೀವು ಹೇಳಿ. ನಾನು ಎರಡು ವರ್ಷದ್ದನ್ನು ಒಂದೇ ಹಾಳೆಯಲ್ಲಿ ಬರೆದಿಲ್ಲವೇ?

ಮಹೇಂದ್ರ


ಮೇಟಗಳ್ಳಿ
5 ಸೆಪ್ಟೆಂಬರ್ 2025

ಅಪ್ಪ,

ನಾಲ್ಕು ವಾರವಾಯಿತು. ಪ್ರತಿ ಶುಕ್ರವಾರ ಫೋನು ಮಾಡಿ ಅವ್ವನ ಹತ್ತಿರ ಅವರೆಬೇಳೆಯ ವಿಚಾರ ಮಾತಾಡುತ್ತೀರಿ. ದುಬೈನಲ್ಲಿ ಬಿಸಿಲು ಹೇಗಿದೆ ಎಂದು ಅವಳು ಕೇಳುತ್ತಾಳೆ. ಅದಕ್ಕೂ ಉತ್ತರ ಕೊಡುತ್ತೀರಿ. ಪಕ್ಕದಲ್ಲಿ ಕೂತು ಅದನ್ನು ಕೇಳಿಸಿಕೊಳ್ಳಲು ನನ್ನಿಂದ ಆಗುತ್ತಿಲ್ಲ. ಮುಂದಿನ ಶುಕ್ರವಾರ ಸ್ಪೀಕರಿನಲ್ಲೇ ಕೇಳುತ್ತೇನೆ.

ಮಹೇಂದ್ರ


ಮಸ್ಕತ್
11 ಸೆಪ್ಟೆಂಬರ್ 2025

ಮಹೇಂದ್ರ,

ಇದು ನನ್ನ ಅಕ್ಷರವಲ್ಲ. ನಾನು ಹೇಳಿದ್ದನ್ನು ನಮ್ಮ ರೂಮಿನ ಮಹದೇವ ಬರೆಯುತ್ತಿದ್ದಾನೆ. ನಂಜನಗೂಡಿನ ಕಡೆಯವನು. ಸ್ಪೀಕರಿನಲ್ಲಿ ಕೇಳಬೇಡ.

ಹೋದ ವರ್ಷ ಮೇ ತಿಂಗಳಲ್ಲಿ ದುಬೈನ ಲೈಸೆನ್ಸ್ ಹೊಸದು ಮಾಡಿಸಬೇಕಿತ್ತು. ಅದಕ್ಕೆ ಕಣ್ಣಿನ ಪರೀಕ್ಷೆ. ಗೋಡೆಯ ಮೇಲಿನ ಅಕ್ಷರಗಳಲ್ಲಿ ಮೊದಲ ಎರಡು ಸಾಲು ಓದಿದೆ, ಮೂರನೆಯ ಸಾಲು ಇದೆಯೆಂದೇ ಗೊತ್ತಾಗಲಿಲ್ಲ. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆ ಎಂದರು. ಕೆಲಸಕ್ಕಿದ್ದ ಮನೆಯವರು ಒಳ್ಳೆಯವರು. ಒಂದು ಕೈಗಡಿಯಾರ ಉಡುಗೊರೆ ಕೊಟ್ಟು ಕಳಿಸಿದರು.

ಬರಿಗೈಯಲ್ಲಿ ಊರಿಗೆ ಬರಲು ಮನಸ್ಸಾಗಲಿಲ್ಲ. ನಿನ್ನದು ಡಿಗ್ರಿ ನಡೆಯುತ್ತಿದೆ ಎಂದುಕೊಂಡಿದ್ದೆ. ಮಹದೇವ ಇಲ್ಲಿಗೆ ಕರೆದುಕೊಂಡು ಬಂದ. ಫೋನ್ ನಂಬರು ಹಳೆಯದೇ ಇಟ್ಟುಕೊಂಡೆ. ಇಲ್ಲಿ ಕಾರಿನ ಸಾಮಾನಿನ ಅಂಗಡಿಯಲ್ಲಿ ಬಾಗಿಲ ಒಳಹೊದಿಕೆ ಬಿಚ್ಚಿ ಸ್ಪೀಕರ್ ಕೂರಿಸುತ್ತೇನೆ. ಕ್ಲಿಪ್ಪು ಎಲ್ಲಿದೆ ಎಂದು ಬೆರಳಿಗೆ ಗೊತ್ತಾಗುತ್ತದೆ, ಕಣ್ಣು ಬೇಕಿಲ್ಲ. ಹೌದು, ನಿನಗೆ ಬೈದದ್ದು ಅದೇ ಕೆಲಸಕ್ಕೆ.

ಇನ್ನು ಎರಡು ವರ್ಷ ಮಾಡಿ ಬರುತ್ತೇನೆ. ನಿಮ್ಮವ್ವನಿಗೆ ಹೇಳಬೇಡ. ನನ್ನ ಮೇಲೆ ಆಣೆ.

ನಿಮ್ಮಪ್ಪ,
ಹುಚ್ಚಣ್ಣ

ತಮ್ಮ ಮಹೇಂದ್ರ, ಇದನ್ನು ಅಣ್ಣ ಬರೆಸಿದ್ದಲ್ಲ, ನಾನೇ ಬರೆಯುತ್ತಿದ್ದೇನೆ. ಬಲಗಣ್ಣು ಹೋಗಿ ಆರು ತಿಂಗಳಾಯಿತು. ಎಡಗಣ್ಣಿನಲ್ಲೂ ಈಗೀಗ ಕಪ್ಪು ಚುಕ್ಕೆ ಓಡಾಡುತ್ತವೆ ಎನ್ನುತ್ತಾರೆ. ಆಸ್ಪತ್ರೆಗೆ ಕರೆದರೆ ಜಗಳಕ್ಕೆ ಬರುತ್ತಾರೆ. ಮಹದೇವ.


ಮೇಟಗಳ್ಳಿ
28 ಸೆಪ್ಟೆಂಬರ್ 2025

ಅಪ್ಪ,

ನಿಮಗೆ ಹೇಳಬಾರದೆಂದು ಅವ್ವ ನನ್ನಿಂದ ಆಣೆ ಹಾಕಿಸಿಕೊಂಡಳು. ಅವ್ವನಿಗೆ ಹೇಳಬಾರದೆಂದು ಈಗ ನೀವು ಆಣೆ ಹಾಕುತ್ತೀರಿ. ಇಬ್ಬರ ಮಧ್ಯೆ ನಾನೇನು ಬೀಗವೇ? ಸಾಕು. ಇನ್ನು ಯಾರ ಆಣೆಯನ್ನೂ ನಾನು ಇಟ್ಟುಕೊಳ್ಳುವುದಿಲ್ಲ. ಅವ್ವನಿಗೆ ಹೇಳಿದ್ದೇನೆ.

ಅವಳು ಮೊರದಲ್ಲಿ ಹುರುಳಿ ಆರಿಸುತ್ತಿದ್ದಳು. ನಾನು ಹೇಳಿ ಮುಗಿಸುವವರೆಗೂ ಕೈ ನಿಲ್ಲಲಿಲ್ಲ. "ಬಲಗಣ್ಣಾ ಎಡಗಣ್ಣಾ?" ಎಂದು ಮಾತ್ರ ಕೇಳಿದಳು. ಆಮೇಲೆ ಮೊರವನ್ನು ಕೆಳಗಿಟ್ಟು, "ನಾ ಅವ್ರಿಗೇಳ್ಲಿಲ್ಲ, ಅವ್ರು ನಂಗೇಳ್ಲಿಲ್ಲ. ಬೋ ಚೆಂದಾಗದೆ ಸಂಸಾರ" ಎಂದಳು. ಶುಕ್ರವಾರ ನಿಮ್ಮ ಫೋನು ಬಂದಾಗ ಸ್ಪೀಕರ್ ಆಫ್ ಮಾಡಿ, ಅದನ್ನು ಕಿವಿಗಿಟ್ಟುಕೊಂಡು ಹಿತ್ತಿಲಿಗೆ ಹೋದಳು. ನಮ್ಮ ಮನೆಯಲ್ಲಿ ಹಾಗೆ ಯಾರೂ ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ಏನು ಹೇಳಿದಳೆಂದು ನಾನು ಕೇಳಿಲ್ಲ.

ಕೆಂಪು ಪೆನ್ನಿನ ಪಟ್ಟಿ ಯಾಕೆ ನಿಂತಿತು ಎಂದು ಈಗ ಗೊತ್ತಾಯಿತು. ನಾನು ಸುಧಾರಿಸಿದ್ದೇನೆ ಎಂದುಕೊಂಡು ಒಂದು ವರ್ಷ ಬೀಗುತ್ತಿದ್ದೆ.

ಇಲ್ಲಿ ಕಣ್ಣಿನ ಡಾಕ್ಟರನ್ನು ಕಂಡೆ. ಬಲಗಣ್ಣಿನ ಮಾತು ನೋಡದೆ ಹೇಳಲಾರೆ, ಎಡಗಣ್ಣನ್ನು ಉಳಿಸಿಕೊಳ್ಳಬಹುದು, ಆದರೆ ತಿಂಗಳುಗಟ್ಟಲೆ ಕಾಯಬಾರದು ಎಂದರು. ಕಣ್ಣಿನೊಳಗೆ ಕೊಡುವ ಒಂದು ಇಂಜೆಕ್ಷನ್ ಇದೆ. ನನ್ನ ನೋಟ್‌ಬುಕ್ಕಿನಲ್ಲಿ ಹೊಸ ಹಾಳೆ ತಿರುಗಿಸಿ ಮೈಸೂರು, ಮಸ್ಕತ್, ದುಬೈ ಎಂದು ಮೂರು ಕಾಲಂ ಹಾಕಿದೆ. ಮಸ್ಕತ್ತಿನ ರೇಟನ್ನು ವಾಣಿ ಮೇಡಂ ಅಲ್ಲಿನ ಹಳೇ ಪರಿಚಯದವರಿಂದ ವಿಚಾರಿಸಿಕೊಟ್ಟರು. ಈ ಸಲ ಎಲ್ಲವನ್ನೂ ಎರಡೆರಡು ಸಲ ಗುಣಿಸಿ ನೋಡಿದ್ದೇನೆ. ಆ ನೋಟ್‌ಬುಕ್ಕಿನಲ್ಲಿ ಮೈಸೂರಿನ ಕಾಲಂ ಎಲ್ಲಕ್ಕಿಂತ ಕಡಿಮೆ ಬಂದದ್ದು ಇದೇ ಮೊದಲು.

ಎರಡು ವರ್ಷ ಎನ್ನುತ್ತೀರಿ. ಎರಡು ವರ್ಷ ಬಿಟ್ಟು ಬಂದು ನಮ್ಮ ಮುಖ ಹೇಗೆ ನೋಡುತ್ತೀರಿ? ಕೋಪಕ್ಕೆ ಬರೆದದ್ದಲ್ಲ, ನಿಜವಾಗಿಯೂ ಕೇಳುತ್ತಿದ್ದೇನೆ. ಹೊರಟು ಬನ್ನಿ. ಇಲ್ಲವಾದರೆ ನಾನೇ ಅಲ್ಲಿಗೆ ಬರುತ್ತೇನೆ.

ಮಹೇಂದ್ರ


ಮಸ್ಕತ್
12 ಅಕ್ಟೋಬರ್ 2025

ಮಹೇಂದ್ರ,

ಬರುವುದಿಲ್ಲ. ನೀನೂ ಬರಬೇಡ.

ಹುಚ್ಚಣ್ಣ


ಮೇಟಗಳ್ಳಿ
8 ನವೆಂಬರ್ 2025

ಅಪ್ಪ,

ಇದನ್ನು ಮಹದೇವಣ್ಣ ನಿಮಗೆ ಗಟ್ಟಿಯಾಗಿ ಓದಿ ಹೇಳಲಿ. ಮಧ್ಯದಲ್ಲಿ ಬಾಯಿ ಹಾಕಬೇಡಿ.

ನಿಮ್ಮ ಕಾಗದದಲ್ಲಿ ಇದ್ದದ್ದು ಒಂದೇ ಸಾಲು. ಅದು ನಿಮ್ಮ ಕೈಬರಹವೇ. ಗೆರೆ ಬಿಟ್ಟು ಇಳಿದು ಇಳಿದು ಹಾಳೆಯ ತುದಿಗೆ ಹೋಗಿ, ನಿಮ್ಮ ಹೆಸರಿನ ಕೊನೆಯ ಅಕ್ಷರ ಹಾಳೆಯ ಆಚೆ ಮೇಜಿನ ಮೇಲೆ ಬಿದ್ದಿದೆ. ಫೋಟೋದಲ್ಲಿ ಕಾಣುತ್ತದೆ. ಅಂಥ ಅಕ್ಷರದಲ್ಲಿ ಬರಬೇಡ ಎಂದು ಬರೆದರೆ ಯಾರು ಕೇಳುತ್ತಾರೆ?

ನೀವು ಮಾಡಿಸಿಟ್ಟಿದ್ದ ಪಾಸ್‌ಪೋರ್ಟ್ ಬೀರುವಿನಲ್ಲಿ ಅವ್ವನ ಧಾರೆ ಸೀರೆಯ ಕೆಳಗಿತ್ತು. ಒಂದು ಪುಟಕ್ಕೂ ಮುದ್ರೆ ಬಿದ್ದಿರಲಿಲ್ಲ. ವೀಸಾದ ಅರ್ಜಿಯನ್ನು ವಾಣಿ ಮೇಡಂ ಕೂರಿಸಿಕೊಂಡು ತುಂಬಿಸಿದರು. ವಿದ್ಯಾಭ್ಯಾಸ ಎಂಬಲ್ಲಿ ನಾನು ಹತ್ತನೇ ತರಗತಿ ಎಂದೇ ಬರೆದೆ. ಕೊಟ್ಟರು.

ಅವ್ವ ನಮ್ಮ ಮಂಡಕಳ್ಳಿ ಏರ್‌ಪೋರ್ಟಿನಿಂದಲೇ ವಿಮಾನ ಹತ್ತು ಎಂದು ಮೂರು ದಿನದಿಂದ ಹಟ ಹಿಡಿದಿದ್ದಳು. "ಇಲ್ಲೇ ಇಮಾನ ಮಡೀಕಂಡು ಬೆಂಗ್ಳೂರ್ಗೆ ಯಾಕೋಯ್ತೀಯ?" ಎಂದು. ಮಂಡಕಳ್ಳಿಯಿಂದ ಮಸ್ಕತ್ತಿಗೆ ವಿಮಾನ ಇಲ್ಲವೆಂದು ಅವಳಿಗೆ ಒಪ್ಪಿಸುವಷ್ಟರಲ್ಲಿ ವೀಸಾ ಸಿಕ್ಕಿದ್ದೇ ಸುಲಭ ಅನ್ನಿಸಿತು. ಈಗ ನಿಮ್ಮ ಹಳೇ ಸ್ವೆಟರನ್ನು ಬ್ಯಾಗಿಗೆ ತುರುಕುತ್ತಿದ್ದಾಳೆ. ಅಲ್ಲಿ ಬಿಸಿಲು ಎಂದರೆ, "ಬರ್ತಾ ಇಲ್ಲಿ ಚಳಿ ಇರ್ತದಲ್ಲ" ಎನ್ನುತ್ತಾಳೆ.

ದೇವರಾಜು ರಜೆ ಕೊಟ್ಟರು. ಕೊಡುವಾಗ ಮೆಲ್ಲಗೆ, "ಬರ್ತಾ ಎರಡು ಜೊತೆ ಸ್ಪೀಕರ್ ತರ್ತೀಯೇನೋ? ಅಲ್ಲಿ ರೇಟು ಕಮ್ಮಿಯಲ್ವಾ" ಎಂದರು. "ಅದು ಡೂಪ್ಲಿಕೇಟ್ ಸಾರ್" ಎಂದೆ. ಮುಖ ಊದಿಸಿಕೊಂಡೇ ಹೇಳಿದರು: "ನಿಮ್ಮಪ್ಪಂಗೆ ಕಣ್ಣು ತೋರ್ಸು ಮೊದ್ಲು. ಆಮೇಲೆ ಬ್ಯಾಸರ ಆದ್ರೆ ಅಂಗ್ಡಿಗೆ ಕರ್ಕೊಂಡ್ ಬಾ. ನಿನ್ ಬಾಯಿಗಿಂತ ಅವ್ರ ಬೆರಳು ವಾಸಿ ಇರ್ಬೇಕು."

ನೀವು ಬರುತ್ತೀರೋ ಇಲ್ಲವೋ ನನಗೆ ಗೊತ್ತಿಲ್ಲ. ಬರುತ್ತೀರಿ ಎಂದು ಅವ್ವನಿಗೆ ಹೇಳಿಲ್ಲ, ಗೊತ್ತಿಲ್ಲದ್ದನ್ನು ಹೇಳುವುದಿಲ್ಲ. ವಾಪಸ್ ಬರಲು ಎರಡು ಸೀಟು ತೆಗೆದಿದ್ದೇನೆ. ಹತ್ತು ದಿನ ಇರುತ್ತೇನೆ. ನೀವು ಕೆಲಸ ಮಾಡುವ ಅಂಗಡಿಗೆ ಬಂದು, ನೀವು ಬಿಚ್ಚುವ ಬಾಗಿಲ ಪಕ್ಕದಲ್ಲಿ ಹತ್ತು ದಿನವೂ ಕೂರುತ್ತೇನೆ. ಬೈಯಬೇಕೆಂದರೆ ಎದುರಿಗೇ ಬೈಯಿರಿ.

ಇನ್ನು ರೇಟು ಬರೆದು ಕಳಿಸಬೇಡಿ. ಕಾಗದಕ್ಕೆ ಉತ್ತರವೂ ಬೇಡ. ಬೆಳಿಗ್ಗೆ ಒಂಬತ್ತಕ್ಕೆ ಏರ್‌ಪೋರ್ಟ್ ಬಸ್ಸು. ನಾನು ನಾಳೆ ಹೊರಡುತ್ತೇನೆ.

ಮಹೇಂದ್ರ